ಗಾಡಿ ನೆಲಕ್ಕಿಳಿದ ಮೇಲೆ

ಕೆಲಗೇರಿ, ಧಾರವಾಡ
ರವಿವಾರ, 9 ನವೆಂಬರ್ 2025

ನನ್ನ ಮುದ್ದಿನ ತಂಗಿ ವಾಣಿಶ್ರೀಗೆ,

ನಿನ್ನ ಅಕ್ಕ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುವ ಹರಕೆಗಳು. ನಾವೆಲ್ಲ ಕ್ಷೇಮ ಅಂತ ಬರೆದರೆ ನೀನು ನಂಬುವವಳಲ್ಲ. ಕ್ಷೇಮ ಇಲ್ಲ ಅಂತ ಬರೆದರೆ ಒಲೆಯ ಮೇಲಿನ ಸಾರು ಅಲ್ಲೇ ಬಿಟ್ಟು ಮುಂಡರಗಿಯಿಂದ ಬಸ್ಸು ಹತ್ತಿ ಬಂದುಬಿಡುತ್ತೀ. ಅದಕ್ಕೇ ಎರಡರ ನಡುವೆ ಎಲ್ಲೋ ಇದ್ದೇವೆ ಅಂತ ತಿಳಿದುಕೋ. ನಿಮ್ಮ ಮನೆಯವರ ಮೊಣಕಾಲು ನೋವು ಈಗ ಹೇಗಿದೆ?

ಸಿಟ್ಟಾಗಬೇಡ. ದೀಪಾವಳಿಗೆ ನೀನು ಕಳಿಸಿದ ಕರಚಿಕಾಯಿ ಮುಟ್ಟಿ, ಖಾಲಿಯೂ ಆದವು. ಮುಟ್ಟಿದವು ಅಂತ ಹೇಳಲು ನನಗೆ ಇಷ್ಟು ದಿನ ಬೇಕಾಯಿತು. ನೀನು ಫೋನು ಮಾಡಿದಾಗೆಲ್ಲ "ರೊಟ್ಟಿ ಹಂಚಿನ ಮ್ಯಾಲ ಐತಿ, ಆಮ್ಯಾಲ ಮಾಡತೀನಿ" ಅಂತ ಇಟ್ಟುಬಿಡುತ್ತಿದ್ದೆ. ರೊಟ್ಟಿ ಬರೀ ನೆಪ. ನೀನು ಕೇಳುವುದು ಒಂದೇ ಪ್ರಶ್ನೆ, ಮಾಮಾ ಹೇಗಿದ್ದಾರೆ ಅಂತ. ನಿನ್ನ ಮಾಮಾ, ನನ್ನ ಗಂಡ, ನನ್ನ ಎದುರಿಗೇ ಕೂತಿರುತ್ತಾರೆ. ಎಲ್ಲ ಕೇಳಿಸುತ್ತದೆ, ಎಲ್ಲ ತಿಳಿಯುತ್ತದೆ. ಅಂಥ ಮನುಷ್ಯನ ಮುಂದೆ, ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ "ಇನ್ನೂ ಮಾತಿಲ್ಲ, ಹಂಗ ಅದಾರ" ಅಂತ ಹೇಗೆ ಹೇಳಲಿ? ಒಮ್ಮೆ ಹೇಳಿದ್ದೆ. ಮುಖ ಗೋಡೆಗೆ ತಿರುಗಿಸಿದವರು ಸಂಜೆಯವರೆಗೆ ಈ ಕಡೆ ನೋಡಲಿಲ್ಲ. ಇನ್ನು ಇವರ ಸುದ್ದಿ ಏನಿದ್ದರೂ ಕಾಗದದ ಮೇಲೆಯೇ ಅಂತ ಅವತ್ತೇ ತೀರ್ಮಾನಿಸಿದೆ. ಈಗ ಊಟ ಮಾಡಿ ಅಡ್ಡಾಗಿದ್ದಾರೆ. ನಾನು ಅಡಿಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಶ್ರಾವಣದಲ್ಲಿ ಲಕ್ವಾ ಹೊಡೆದಾಗ ನೀನು ಆಸ್ಪತ್ರೆಯಲ್ಲಿ ನೋಡಿದ್ದಕ್ಕಿಂತ ಈಗ ಎಷ್ಟೋ ವಾಸಿ. ಕಾಲು ಬಂದಿದೆ, ಬೆತ್ತ ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಬಲಗೈ ಭುಜದ ತನಕ ಏಳುತ್ತದೆ, ಬೆರಳು ಮಾತ್ರ ಏನನ್ನೂ ಹಿಡಿಯುವುದಿಲ್ಲ. ಮಾತು ಒಂದೇ, "ಅದು". ನೀರಿಗೂ ಅದು, ಚಹಾಕ್ಕೂ ಅದು, ಮಗಳು ಬಂದರೂ ಅದು. ಹತ್ತಿ ಹರಾಜಿನ ಸವಾಲಿನಲ್ಲಿ ಇವರು ಕೂಗಿದರೆ ಹುಬ್ಬಳ್ಳಿ ಪೇಟೆಯ ಆ ತುದಿಗೆ ಕೇಳುತ್ತಿತ್ತಲ್ಲೇ! ವಿಚಿತ್ರ ನೋಡು, ಬೆಳಗ್ಗೆ ಪೂಜೆಗೆ ಕೂತು ನಾನು ವಚನ ಶುರು ಮಾಡಿದರೆ ಹಿಂದಿನಿಂದ ಇವರೂ ಹೇಳುತ್ತಾರೆ, ಒಂದಕ್ಷರ ತಪ್ಪದೆ. ಪೂಜೆ ಮುಗಿಸಿ ನೀರು ಬೇಕಾದರೆ ಮತ್ತೆ "ಅದು".

ಮಾತು ಕಲಿಸಲು ಅಬೀದಾ ಅಂತ ಒಬ್ಬ ಹೆಣ್ಣುಮಗಳು ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಬಲು ತಾಳ್ಮೆಯವಳು. "ಅವ್ವಾರ, ಮಾತು ಒಳಗ ಹಂಗ ಅದಾವ್ರಿ, ಹೊರಗ ಬರೂ ದಾರಿ ಕೆಟ್ಟೈತಿ. ಬಾಯಿಪಾಠ ಆದದ್ದು, ಹಾಡಿದ್ದು, ಕೈ ರೂಢಿದ್ದು ಮೊದಲ ಬರತಾವ. ನೀವು ಮಾತ್ರ ಅವರ ಬದಲಿ ಮಾತು ಮುಗಸಬ್ಯಾಡ್ರಿ. ಕಾಯ್ರಿ" ಅಂದಳು. ಕಾಯಿರಿ ಅಂತ ಹೇಳಲು ಅವಳಿಗೆ ನಾನೇ ಸಿಗಬೇಕೇ? ನೀನು ಬಲ್ಲೆ, ನಾನು ಕುಕ್ಕರಿನ ಸೀಟಿಗೂ ಕಾಯುವವಳಲ್ಲ. ಮತ್ತೆ, "ಇವರು ನಿಮ್ಮನ್ನ ಏನಂತ ಕರೀತಿದ್ರಿ? ಅದೂ ಲಗೂ ಬರಬಹುದು" ಅಂತ ಕೇಳಿದಳು. ಏನೋ ಒಂದು ಕರೀತಿದ್ರು ಅಂತ ಹೇಳಿ, ರೊಟ್ಟಿ ಸೀಯುತ್ತದೆ ಅಂತ ಒಳಗೆ ಬಂದೆ.

ಆದರೆ ಇವರಿಗೇ ಮನಸ್ಸಿಲ್ಲ. ಅಬೀದಾ ಚಿತ್ರ ತೋರಿಸಿದರೆ ಕಣ್ಣು ಮುಚ್ಚುತ್ತಾರೆ. ಮೊದಲ ತಿಂಗಳುಗಳಲ್ಲಿ ಬಂದಷ್ಟು ಮಾತು ಆಮೇಲೆ ಬರುವುದು ಕಷ್ಟ ಅಂತ ಅವಳು ನನ್ನನ್ನು ಪಕ್ಕಕ್ಕೆ ಕರೆದು ಹೇಳಿ ಹೋಗಿದ್ದಾಳೆ. ಅಂದಿನಿಂದ ದಿನ ಎಣಿಸುತ್ತಿದ್ದೇನೆ, ವಾಣಿ.

ಈಗ ನಿಜವಾದ ಸುದ್ದಿ. ನಮ್ಮ ಬಿಳಿ ಮಾರುತಿ ಗೊತ್ತಲ್ಲ, ಗೀತಾಂಜಲಿ ಹುಟ್ಟಿದ ವರ್ಷ ತಂದದ್ದು. ಅದಕ್ಕೆ ಯಾವ ಮೆಕ್ಯಾನಿಕ್ಕೂ ಕೈ ಹಚ್ಚಬಾರದು ಅನ್ನುವುದು ನಿನ್ನ ಮಾಮಾನ ವ್ರತ. ಮುಂದಿನ ಗಾಲಿಯಿಂದ ಕಟಕಟ ಸಪ್ಪಳ ಬರುತ್ತಿತ್ತು. ಕುಲುಕು ತಡೆಯುವ ಶಾಕಪ್ ಸೋರುತ್ತಿತ್ತು, ತಗ್ಗಿಗೆ ಇಳಿದರೆ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ಮುಂಭಾಗವನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟುತ್ತೇನೆ ಅಂತ ಸಾಮಾನೆಲ್ಲ ತಂದು ಮಂಚದ ಕೆಳಗೆ ಪೇರಿಸಿದ್ದರು. ಗಾಡಿಯ ಮೂತಿಯನ್ನು ಸ್ಟ್ಯಾಂಡಿನ ಮೇಲೆ ಏರಿಸಿ, ಗಾಲಿ ತೆಗೆದು, ಚಹಾ ಕುಡಿಯಲು ಒಳಗೆ ಬಂದರು. ಚಹಾದ ಕಪ್ಪು ಕೈಯಿಂದ ಜಾರಿ ಬಿತ್ತು, ಲಕ್ವಾ ಹೊಡೆದದ್ದು ಆಗಲೇ. ಅಂದಿನಿಂದ ಗಾಡಿ ಅಂಗಳದಲ್ಲಿ ಹಾಗೇ ನಿಂತಿದೆ.

ಹೋದ ವಾರ ಗೀತಾಂಜಲಿ ಹುಬ್ಬಳ್ಳಿಯಿಂದ ಬಂದವಳು, "ಅವ್ವಾ, ಆ ಗಾಡಿ ನೋಡಿ ನೋಡಿನ ಅಪ್ಪಾಗ ಸಂಕಟ. ಗುಜರಿಯವ್ರಿಗೆ ಕೊಟ್ಟು ಅಂಗಳಾ ಸ್ವಚ್ಛ ಮಾಡೂಣು" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಇವರು ಎದ್ದರು. ಬೆತ್ತವಿಲ್ಲದೆ, ಗೋಡೆ ಹಿಡಿದು ಅಂಗಳಕ್ಕೆ ಹೋಗಿ, ಗಾಡಿಯ ಮುಂದೆ ನೆಲದ ಮೇಲೆ ಕೂತು ಎಡಗೈಯಲ್ಲಿ ಬಂಪರು ಹಿಡಿದುಕೊಂಡರು. "ಅದು! ಅದು!" ಕಣ್ಣಲ್ಲಿ ನೀರು. ಇವರು ಅತ್ತದ್ದನ್ನು ನಾನು ಅತ್ತೆಯವರು ಲಿಂಗೈಕ್ಯರಾದಾಗ ಬಿಟ್ಟರೆ ನೋಡಿದ್ದಿಲ್ಲ. ಈ ಗಾಡಿ ಗುಜರಿಗೆ ಹೋದರೆ ಇವರೂ ಕೈ ಚೆಲ್ಲುತ್ತಾರೆ ಅಂತ ನನಗೆ ಅಲ್ಲೇ ಖಾತ್ರಿಯಾಯಿತು.

ನನ್ನ ಬಾಯಿಂದ ಬಂದುಬಿಟ್ಟಿತು, "ಯಾರೂ ಒಯ್ಯಂಗಿಲ್ಲ ಬಿಡ್ರಿ. ನಾ ರಿಪೇರಿ ಮಾಡತೀನಿ. ನೀವು ಕೂತು ತೋರಸ್ರಿ."

ಇವರು ನನ್ನನ್ನು ನೋಡಿದರು, ನನ್ನ ಸೀರೆ ನೋಡಿದರು, ಗಾಡಿ ನೋಡಿದರು. ಆಮೇಲೆ ನಕ್ಕರು ವಾಣಿ! ಬಾಯಿ ಒಂದು ಕಡೆ ಸೊಟ್ಟಗಾಗಿ, ಹಳೆಯ ಕುಹಕದ ನಗುವೇ. ಲಕ್ವಾ ಹೊಡೆದ ಮೇಲೆ ನಕ್ಕದ್ದು ಅದೇ ಮೊದಲು. ಆ ನಗುವಿನ ಮೇಲೆ ಸಿಟ್ಟೂ ಬಂತು, ಪ್ರಾಣವೂ ಬಂತು. ನಾಳೆ ಸೋಮವಾರದಿಂದ ಕೆಲಸ ಶುರು.

ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಮನೆಯಲ್ಲಿ ಜೋಳದ ಕಣಜ ಯಾವತ್ತೂ ತುಂಬಿರಲಿ.

ನಿನ್ನ ಅಕ್ಕ,
ದಾಕ್ಷಾಯಿಣಿ

ತಾ.ಕ.: ಗಾಣದ ಕುಸುಬಿ ಎಣ್ಣೆ ನಿಮ್ಮ ಕಡೆ ಇನ್ನೂ ಸಿಗುತ್ತದಲ್ಲ, ಯಾರಾದರೂ ಬರುವವರಿದ್ದರೆ ಕಳಿಸು.


ಕೆಲಗೇರಿ
ಸೋಮವಾರ, 22 ಡಿಸೆಂಬರ್ 2025

ಪ್ರೀತಿಯ ವಾಣಿ,

ಹರಕೆಗಳು. ಹಾಳೆಯ ಮೂಲೆಯಲ್ಲಿ ಕರಿ ಬೆರಳಚ್ಚು ಕಂಡು ಹೆದರಬೇಡ, ಅದು ನಿನ್ನ ಅಕ್ಕನದೇ. ಶೀಗೆಕಾಯಿ, ಬೂದಿ, ಸೋಪಿನ ಪುಡಿ, ಯಾವುದಕ್ಕೂ ಈ ಗ್ರೀಸು ಬಗ್ಗುವುದಿಲ್ಲ. ಖಾನಾವಳಿಗೆ ಕೊಡುವ ರೊಟ್ಟಿ ಕೆಲಸಕ್ಕೆ ಬರುವ ದೇವಕ್ಕ ನನ್ನನ್ನು ಹಿಟ್ಟಿನ ಹತ್ತಿರ ಸುಳಿಯಗೊಡುವುದಿಲ್ಲ. "ಖಾನಾವಳಿಯವ್ರು ಕರಿ ರೊಟ್ಟಿ ಬ್ಯಾಡಂತಾರ, ನೀವು ನಿಮ್ಮ ಗ್ಯಾರೇಜಿಗೆ ನಡೀರಿ" ಅನ್ನುತ್ತಾಳೆ. ಉತ್ತರ ತಡವಾದದ್ದಕ್ಕೆ ಇದೇ ಕಾರಣ, ಬೇರೆ ಯಾವ ನೆಪವೂ ಇಲ್ಲ.

ಬೇವಿನ ಗಿಡದ ಕೆಳಗೆ ಇವರಿಗೆ ಪ್ಲಾಸ್ಟಿಕ್ ಕುರ್ಚಿ. ಕೈಯಲ್ಲಿ ಬೆತ್ತ. ಬೆತ್ತದಿಂದ ಬೋಲ್ಟು ತೋರಿಸುತ್ತಾರೆ, ತಪ್ಪಾದರೆ ನೆಲ ಕುಟ್ಟುತ್ತಾರೆ. ಮೊದಲನೆಯ ದಿನ ಅಂಗಳದಲ್ಲಿ ಗುಂಡಿ ಬೀಳುವಷ್ಟು ಕುಟ್ಟಿದರು. ಗಾಡಿಯ ಕೆಳಗೆ ಕೈ ಹಾಕುವ ಮುಂಚೆ ಸ್ಟ್ಯಾಂಡು ಗಟ್ಟಿಯಾಗಿ ಕೂತಿದೆಯೇ ಅಂತ ಅಲುಗಾಡಿಸಿ ತೋರಿಸಬೇಕು. ಅದಕ್ಕೆ ಮಾತ್ರ ಅವರಿಗೆ ಮಾತೇ ಬೇಕಾಗಲಿಲ್ಲ, ಕಣ್ಣು ಕೆಕ್ಕರಿಸಿದರೆ ಸಾಕಾಗಿತ್ತು.

ಗಾಲಿಯನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳು ಒಂದಿದೆ, ಆರ್ಮ್ ಅನ್ನುತ್ತಾರೆ. ಅದರ ಬೋಲ್ಟಿಗೆ ಜಂಗು ಹಿಡಿದು ಕಲ್ಲಾಗಿತ್ತು. ಡೀಸೆಲ್ ಹಾಕಿ ನೆನೆಸಿದೆ, ಬಡಿದೆ, ಬೈದೆ. ಕಡೆಗೆ ಇವರು ಬೆತ್ತದಿಂದ ಹಳೆಯ ಬೋರಿನ ಪೈಪು ತೋರಿಸಿದರು. ಅದನ್ನು ಬೋಲ್ಟು ತಿರುಗಿಸುವ ಪಾನಾದ ಹಿಡಿಕೆಗೆ ಸಿಗಿಸಿ, ಸೆರಗು ಕಟ್ಟಿ, ಎರಡೂ ಕೈಯಿಂದ ಜಗ್ಗಿದೆ. ಟಣ್ ಅಂತ ಬಿಟ್ಟಿತು! ಗೀತಾಂಜಲಿ ಹುಟ್ಟುವ ಮೊದಲಿನಿಂದ ರೊಟ್ಟಿ ಬಡಿದ ತೋಳು, ಬೋಲ್ಟಿಗೆ ಸೋಲುತ್ತದೆಯೇ? ತಿರುಗಿ ನೋಡಿದರೆ ಇವರು ಎಡಗೈಯಿಂದ ತೊಡೆ ತಟ್ಟಿಕೊಳ್ಳುತ್ತಿದ್ದಾರೆ, ಕುಸ್ತಿ ನೋಡಿದವರ ಹಾಗೆ.

ನೀನು ಕಳಿಸಿದ ಕುಸುಬಿ ಎಣ್ಣೆಯ ಕಥೆ ಕೇಳು. ಆ ತೋಳಿನ ತೂತಿನೊಳಗೆ ಬುಷ್ ಅನ್ನುವ ರಬ್ಬರಿನ ಕೊಳವೆ ಕೂಡಿಸಬೇಕು. ಉದ್ದನೆಯ ಬೋಲ್ಟು, ವಾಶರು, ತುಂಡು ಪೈಪು ಇಟ್ಟು ಬಿಗಿಯುತ್ತ ಹೋದರೆ ತಾನೇ ಒಳಗೆ ಹೋಗಬೇಕು ಅಂತ ಸನ್ನೆಯಿಂದ ತೋರಿಸಿದ್ದರು. ಹೋಗಲಿಲ್ಲ. ಬಿಗಿಯಾದ ಬಳೆಗೆ ಏನು ಮಾಡುತ್ತೇವೆ? ಎಣ್ಣೆ ಹಚ್ಚುತ್ತೇವೆ. ಬಟ್ಟಲಲ್ಲಿ ಎಣ್ಣೆ ತಂದೆ. ಇವರು ಬಟ್ಟಲನ್ನು ಬೆತ್ತದಿಂದ ಉರುಳಿಸಿ, "ಅದು! ಅದು!" ಅಂತ ಬಚ್ಚಲಿನ ಕಡೆ ಕೈ ಮಾಡಿದರು. ಅವಸರವಾಗಿದೆ ಅಂತ ತಿಳಿದು ಕೈ ಹಿಡಿದು ಬಚ್ಚಲಿಗೆ ಕರೆದೊಯ್ದೆ. ಒಳಗೆ ಹೋದವರು ಸೋಪು ಹಿಡಿದು ಹೊರಗೆ ಬಂದು ನನ್ನ ಮುಖಕ್ಕೆ ಹಿಡಿದರು. ಆಮೇಲೆ ಅಳಿಯ ಹೇಳಿದರು, ಎಣ್ಣೆ ತಾಗಿದರೆ ರಬ್ಬರು ಉಬ್ಬಿ ಕೆಡುತ್ತದಂತೆ, ಸೋಪಿನ ನೀರು ಹಚ್ಚಬೇಕಂತೆ. ಇಬ್ಬರೂ ಬಚ್ಚಲ ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು. ದೇವಕ್ಕ ಬಂದು, "ಏನಾತ್ರಿ ಇವರಿಗೆ" ಅಂತ ನೋಡಿಹೋದಳು.

ಶಾಕಪ್ಪಿನ ಸ್ಪ್ರಿಂಗ್ ಮಾತ್ರ ಮನೆಯಲ್ಲಿ ಬಿಚ್ಚುವುದು ಬೇಡ, ಸಿಡಿದರೆ ಜೀವಕ್ಕೆ ಅಪಾಯ ಅಂತ ಅಳಿಯ ಕಪಿಲ ಅವರು ಹುಬ್ಬಳ್ಳಿಗೆ ಒಯ್ದು ಜೋಡಿಸಿಕೊಂಡು ಬಂದರು. ಇವರ ವ್ರತಭಂಗ ಆಯಿತು ಅಂತ ನಾನು ಕೆಣಕಿದರೆ ಅಳಿಯನಿಗೆ ಕಾಣದ ಹಾಗೆ ನನ್ನ ಕಡೆ ಬೆತ್ತ ಎತ್ತಿದರು.

ಅಬೀದಾ ಈಗ ಅಂಗಳದಲ್ಲೇ ಪಾಠ ಮಾಡುತ್ತಾಳೆ. ಮೊದಲು ಬಂದದ್ದು "ಪಾನಾ". ಆಮೇಲೆ "ಜಾಕು". ಹೆಸರು ಬರೆದ ಪಟ ಮಾಡಿ ತಂದಿದ್ದಳು. ಮಗಳದನ್ನು ಹಿಡಿದರೆ ತುಟಿ ಒದ್ದಾಡಿ "ಗೀತಾ" ಅಂದರು. ಗೀತಾಂಜಲಿ ಫೋನಿನಲ್ಲಿ ಕೇಳಿ ಜೋರಾಗಿ ಅತ್ತಳು. ನನ್ನ ಹೆಸರಿನ ಪಟ ಹಿಡಿದರೆ ಬಾಯಿ ಗಟ್ಟಿ ಮುಚ್ಚಿಕೊಂಡು ಗಾಡಿಯ ಕಡೆ ನೋಡಿದರು. ದೊಡ್ಡ ಹೆಸರು, ನಾಲಿಗೆಗೆ ಭಾರ ಅಂತ ನಾನೇ ಸಮಾಧಾನ ಹೇಳಿದೆ ಅಬೀದಾಗೆ.

ಇನ್ನು ಜಗಳದ ಸುದ್ದಿ. ಎಳ್ಳಮಾಸಿ ಹಬ್ಬಕ್ಕೆ ಇದೇ ಗಾಡಿಯಲ್ಲಿ ಅಮ್ಮಿನಬಾವಿಗೆ ಹೋಗಿ, ನಮ್ಮ ಅಣ್ಣನ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಎಲ್ಲರ ಜೊತೆ ಕೂತು ಉಣ್ಣಬೇಕು ಅಂತ ನನಗೆ ಹುಚ್ಚು ಹಿಡಿದಿತ್ತು. ಇವರನ್ನು ನಾಲ್ಕು ಜನ ನೋಡಲಿ, ಇವರೂ ನಾಲ್ಕು ಜನರನ್ನು ನೋಡಲಿ ಅಂತ. ಹಿಂದಿನ ದಿನ ಎಲ್ಲ ಜೋಡಿಸಿದೆ. ಗಾಡಿ ಇನ್ನೂ ಸ್ಟ್ಯಾಂಡಿನ ಮೇಲೆ, ತೋಳುಗಳು ಕೆಳಗೆ ಜೋತುಬಿದ್ದಿವೆ. ಎಲ್ಲ ಬೋಲ್ಟು ನನ್ನ ಪೂರ್ತಿ ಬಲ ಹಾಕಿ ಬಿಗಿಯುತ್ತ ಹೋದೆ. ಇವರು ಕುಟ್ಟತೊಡಗಿದರು. "ಅದು! ಅದು!"

"ಚಹಾ ಬೇಕೇನ್ರಿ?" ಕುಟ್ಟಿದರು. "ಬಿಸಲ ಬಂತೇನು? ಸಡ್ಲ ಆಗೈತೇನು? ಇನ್ನೂ ಬಿಗೀಲೇನು?" ನಾನು ಒಂದೊಂದು ಮಾತೂ ಇವರ ಬಾಯಿಗೆ ತುರುಕುತ್ತ, ಇನ್ನೂ ಜೋರಾಗಿ ಬಿಗಿದೆ. ಇವರು ಎದ್ದು ಬಂದು ನನ್ನ ಕೈಯಿಂದ ಪಾನಾ ಕಿತ್ತು ಕಂಪೌಂಡಿನ ಆಚೆ ಎಸೆದರು.

"ಬಾಯಿ ಹೋದ್ರೂ ಸಿಟ್ಟ ಹೋಗಲಿಲ್ಲ ನೋಡ್ರಿ ನಿಮ್ಮದು!" ಅಂದುಬಿಟ್ಟೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರೇನು ಬಂತು. ಎಳ್ಳಮಾಸಿಯ ದಿನ ಇಡೀ ಧಾರವಾಡ ಹೊಲದಲ್ಲಿ ಉಂಡಿತು, ನಾವಿಬ್ಬರು ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಅಣ್ಣ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಕಳಿಸಿದ್ದ. ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಉಳಿಯಿತು.

ಮರುದಿನ ಬೆಳಗ್ಗೆ ರಂಗೋಲಿ ಹಾಕಲು ಹೊರಗೆ ಬಂದರೆ ಇವರು ಆಗಲೇ ಗಾಡಿಯ ಹತ್ತಿರ ನಿಂತಿದ್ದಾರೆ. ಎಡಗೈ ಬಾನೆಟ್ಟಿನ ಮೇಲೆ. ನನ್ನನ್ನು ನೋಡಿ ಅಂಗೈಯಿಂದ ಕೆಳಕ್ಕೆ ಒತ್ತಿದರು. ಮತ್ತೆ ಒತ್ತಿದರು. ತುಟಿ ಅಲುಗಿತು. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಮಾತು ಬಂದು ಕೂತಿದ್ದವು ವಾಣಿ, ನುಂಗಿದೆ. ರಂಗೋಲಿ ಬಟ್ಟಲು ಹಿಡಿದು ಸುಮ್ಮನೆ ನಿಂತೆ. ಹಾಲಿನವನು ಬಂದ, ಕೈ ಮಾಡಿ ತಡೆದೆ. ಅವನೂ ನಿಂತ.

"ಇ... ಇಳ..." ಇವರ ಕುತ್ತಿಗೆಯ ನರ ಉಬ್ಬಿತು. "ಇಳಸ."

ಇಳಿಸು! ಗಾಡಿಯನ್ನು ಇಳಿಸು! ಯಾರೂ ಹೇಳಿಕೊಡದ, ಯಾವ ಪಟದಲ್ಲೂ ಇಲ್ಲದ, ಇವರದೇ ಮಾತು. ನಾನು ಬಟ್ಟಲು ಕೆಳಗಿಟ್ಟು ಅಲ್ಲೇ ಕೂತು ಅತ್ತೆ. ಹಾಲಿನವನು ಹೆದರಿ ಹಾಲು ಕಟ್ಟೆಯ ಮೇಲಿಟ್ಟು ಓಡಿದ.

ಆಮೇಲೆ ಕಪಿಲ ಅವರು ವಿವರಿಸಿದಾಗ ತಿಳಿಯಿತು ನನ್ನ ತಪ್ಪು. ಗಾಡಿ ಮೇಲೆ ತೂಗುತ್ತಿರುವಾಗ ಬಿಗಿದರೆ ರಬ್ಬರು ಆ ಜೋತ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತದೆ. ಗಾಡಿ ಇಳಿಸಿದ ಕೂಡಲೇ ತಿರುಚಿಕೊಳ್ಳುತ್ತದೆ, ನಾಲ್ಕು ದಿನಕ್ಕೆ ಹರಿಯುತ್ತದೆ. ಮೊದಲು ಸಡಿಲು ಮಾಡಬೇಕು, ಗಾಡಿಯ ಭಾರ ಪೂರ್ತಿ ಗಾಲಿಯ ಮೇಲೆ ಕೂಡಬೇಕು, ಆಮೇಲೆ ಬಿಗಿ. ಕಪಿಲ ಅವರು ಬಂದು ಗಾಲಿಯ ಕೆಳಗೆ ದಪ್ಪ ಕಲ್ಲಿನ ಹಾಸುಗಳನ್ನು ಕೊಟ್ಟು ಇಳಿಸಿದರು. ಬಾನೆಟ್ಟು ಒತ್ತಿ ಒತ್ತಿ ಕುಣಿಸಿದೆವು, ಗಾಡಿ ನಿಟ್ಟುಸಿರು ಬಿಟ್ಟ ಹಾಗೆ ತನ್ನ ಜಾಗದಲ್ಲಿ ಕೂತಿತು. ನಾನು ಗೋಣಿಚೀಲದ ಮೇಲೆ ಮಲಗಿ ಒಂದೊಂದೇ ಬೋಲ್ಟು ಬಿಗಿದೆ. ಈ ಸಲ ಬೆತ್ತ ಕುಟ್ಟಲಿಲ್ಲ.

ನಿನಗೂ ನಿನ್ನವರಿಗೂ ಒಳ್ಳೆಯದಾಗಲಿ. ಸಂಕ್ರಾಂತಿಗೆ ಮಾದೇಲಿ ಮಾಡಿದರೆ ನನ್ನ ನೆನಪಿನಲ್ಲಿ ಒಂದು ತುತ್ತು ಹೆಚ್ಚು ತಿನ್ನು.

ನಿನ್ನ ಅಕ್ಕ,
ದಾಕ್ಷಾಯಿಣಿ

ತಾ.ಕ.: ಎಸೆದ ಪಾನಾ ಪಕ್ಕದ ಮನೆಯವರ ತುಳಸಿ ಕಟ್ಟೆಯಲ್ಲಿ ಸಿಕ್ಕಿತು. ಏನೂ ಕೇಳದೆ ಕೊಟ್ಟರು, ದೊಡ್ಡ ಮನಸ್ಸು.


ಕೆಲಗೇರಿ
ರವಿವಾರ, 18 ಜನವರಿ 2026

ಪ್ರೀತಿಯ ವಾಣಿ,

ನಿನ್ನ ಅಕ್ಕ ಸಂಕ್ರಾಂತಿಯ ಎಳ್ಳು-ಬೆಲ್ಲದ ಜೊತೆ ಕಳಿಸುವ ಹರಕೆಗಳು. ಎಳ್ಳು-ಬೆಲ್ಲ ಪೊಟ್ಟಣದಲ್ಲಿದೆ. ತಡವಾಯಿತು ನಿಜ, ಆದರೆ ಈ ಸಲ ಬರೆಯಲು ಕೂತಾಗೆಲ್ಲ ಇನ್ನೊಂದು ದಿನ ತಡೆದರೆ ಇನ್ನೊಂದು ಸುದ್ದಿ ಸಿಗುತ್ತದೆ ಅಂತ ಆಸೆ. ತಡೆದದ್ದು ಸಾರ್ಥಕವಾಯಿತು.

ಇವರ ಮಾತುಗಳು ಈಗ ಒಂದೊಂದಾಗಿ ಬರುತ್ತಿವೆ. ಚಹಾ, ನೀರು, ಸಾಕು, ಬ್ಯಾಡ. "ಬ್ಯಾಡ" ಬಲು ಜೋರಾಗಿ ಬರುತ್ತದೆ. ಸೇರಿಸಿ ಹೇಳಲು ಇನ್ನೂ ಆಗುವುದಿಲ್ಲ, ಒಮ್ಮೊಮ್ಮೆ ಬೆಲ್ಲ ಅನ್ನಲು ಹೋಗಿ ಉಪ್ಪು ಅನ್ನುತ್ತಾರೆ. ದಾರಿ ಉದ್ದ ಇದೆ, ಆದರೆ ಗಾಡಿ ಹೊರಟಿದೆ ಅಂದಳು ಅಬೀದಾ. ಅವಳಿಗೂ ನಮ್ಮ ಮನೆಯ ಗಾಳಿ ತಾಗಿದೆ.

ಗಾಲಿ ನೇರ ಮಾಡಿಸಲು ಕಪಿಲ ಅವರು ಗಾಡಿಯನ್ನು ಹುಬ್ಬಳ್ಳಿಗೆ ಒಯ್ದು ತಂದರು. ತಂದು ಕೀಲಿಕೈಯನ್ನು ಮಾವನ ಕೈಗೆ ಕೊಟ್ಟರು. ಇವರು ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ಚಾಚಿದರು. ವಾಣಿ, ನನಗೆ ಲೈಸೆನ್ಸು ಇದ್ದದ್ದು ನಿನಗೆ ನೆನಪಿದೆಯೇ? ತೆಗೆಸಿದ್ದೇ ಬಂತು, "ಗೇರ್ ಹಾಕೂದು ರೊಟ್ಟಿ ಬಡದಂಗ ಅಲ್ಲ" ಅಂತ ಸ್ಟೇರಿಂಗು ಮುಟ್ಟಗೊಡುತ್ತಿರಲಿಲ್ಲ ಈ ಮನುಷ್ಯ. ನಾನು ಕೆಲವು ದಿನ ಕಪಿಲ ಅವರ ಪಕ್ಕದಲ್ಲಿ ಕೂತು ಕೆರೆ ದಂಡೆಯಲ್ಲಿ ರೂಢಿ ಮಾಡಿಕೊಂಡೆ. ನಿನ್ನೆ ನಾವಿಬ್ಬರೇ ಹೊರಟೆವು. ಅಮ್ಮಿನಬಾವಿಗೆ.

ಹೊರಡುವಾಗ ಇವರು "ತಂಬಗಿ" ಅಂದರು. ಕುಡಿಯಲು ಅಂತ ಬಾಟಲಿ ತಂದೆ. "ಬ್ಯಾಡ. ತಂಬಗಿ." ಹಿತ್ತಾಳೆ ತಂಬಿಗೆಯಲ್ಲಿ ಅಂಚಿನವರೆಗೆ ನೀರು ತುಂಬಿಸಿಕೊಂಡು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಪರೀಕ್ಷೆ! ನನ್ನ ರಿಪೇರಿಗೋ, ನನ್ನ ಡ್ರೈವಿಂಗಿಗೋ, ಕೇಳಲಿಲ್ಲ. ಎರಡನ್ನೂ ಸೇರಿಸಿಯೇ ಅಂತ ಇಟ್ಟುಕೋ.

ಊರು ದಾಟುವ ಮುಂಚೆ ಒಂದು ದೊಡ್ಡ ತಗ್ಗು ಬಂತು. ಹಿಂದೆ ಅಲ್ಲಿ ನನ್ನ ತಲೆ ಮೇಲಿನ ತಗಡಿಗೆ ಬಡಿದದ್ದುಂಟು. ಉಸಿರು ಹಿಡಿದು ಎರಡನೆಯ ಗೇರಿನಲ್ಲಿ ಇಳಿಸಿದೆ. ಗಾಡಿ ಮೆಲ್ಲಗೆ ಬಾಗಿ, ಮೆಲ್ಲಗೆ ಎದ್ದಿತು. ಕಟಕಟ ಇಲ್ಲ, ಹೊಡೆತ ಇಲ್ಲ. ತಂಬಿಗೆಯಿಂದ ನೀರು ಸ್ವಲ್ಪ ತುಳುಕಿ ಇವರ ಧೋತರ ಒದ್ದೆಯಾಯಿತು. ಇವರು ಒದ್ದೆಯನ್ನು ನೋಡಿದರು, ನನ್ನನ್ನು ನೋಡಿದರು, "ಛಲೋ" ಅಂದರು. ಈ ಜನ್ಮದಲ್ಲಿ ನನ್ನ ಯಾವ ಅಡಿಗೆಗೂ ಅನ್ನದ ಮಾತು!

ಅಮ್ಮಿನಬಾವಿಯ ಎರೆ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿದೆ. ಗಾಡಿ ನಿಲ್ಲಿಸು ಅಂತ ಕೈ ಮಾಡಿದರು. ನಿಲ್ಲಿಸಿದೆ. ಗಾಜು ಇಳಿಸಿ ಬಹಳ ಹೊತ್ತು ಹೊಲ ನೋಡಿದರು, ತುಟಿ ತಮ್ಮಷ್ಟಕ್ಕೆ ಅಲುಗುತ್ತಿತ್ತು. ಏನು ಅಂತ ನಾನು ಕೇಳಲಿಲ್ಲ; ಅಷ್ಟಾದರೂ ಕಲಿತಿದ್ದೇನೆ. ಅಣ್ಣನ ಮನೆಯಲ್ಲಿ ಉಂಡೆವು. ಇವರು ಎಡಗೈಯಲ್ಲಿ ಚಮಚ ಹಿಡಿದು ಎಲ್ಲರ ಪಂಕ್ತಿಯಲ್ಲೇ ಕೂತರು. ಯಾರೂ ಮರುಗಲಿಲ್ಲ, ಯಾರೂ ಜೋರಾಗಿ ಮಾತಾಡಿಸಲಿಲ್ಲ. ಅಣ್ಣನಂತೂ ಹತ್ತಿಯ ಧಾರಣೆ ಕೇಳಿ ಸುಮ್ಮನೆ ಕಾದ, ಇವರು ತಲೆ ಅಲ್ಲಾಡಿಸಿ "ಏರತೈತಿ" ಅಂದರು. ಏರುತ್ತದೋ ಇಳಿಯುತ್ತದೋ ಆ ಶಿವನೇ ಬಲ್ಲ, ಆದರೆ ಇವರು ಮತ್ತೆ ಪೇಟೆಯ ಮನುಷ್ಯ ಆಗಿದ್ದರು. ಸಂಜೆಯೊಳಗೆ ಮನೆಗೆ ಬಂದೆವು.

ಇಷ್ಟು ಸಾಕು ಅಂತ ಅನ್ನಿಸುತ್ತದೆ. ಬೇಸಿಗೆಗೆ ನಿಮ್ಮ ಮುಂಡರಗಿಗೆ ಇದೇ ಗಾಡಿಯಲ್ಲಿ ಬರುತ್ತೇವೆ, ಹಾಸಿಗೆ ಬಿಸಿಲಿಗೆ ಹಾಕಿ ಇಡು. ನಿನ್ನ ಮುತ್ತೈದೆತನ ಗಟ್ಟಿಯಾಗಿರಲಿ, ಮಕ್ಕಳು ಮರಿ ಸುಖವಾಗಿರಲಿ.

ನಿನ್ನ ಅಕ್ಕ,
ದಾಕ್ಷಾಯಿಣಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನಿನಗೆ ಹೇಳದಿದ್ದರೆ ಇನ್ನು ಯಾರಿಗೆ ಹೇಳಲಿ.

ನನ್ನ ಮದುವೆಯಲ್ಲಿ ನನ್ನ ಜೊತೆ ಈ ಮನೆಗೆ ಬಂದವಳು ನೀನು, ಲಂಗ ಉಟ್ಟ ಹುಡುಗಿ. ನನ್ನ ನಾದಿನಿಯರ ಜೊತೆ ನೀನೂ ಹೊಸ್ತಿಲಿಗೆ ಅಡ್ಡ ನಿಂತು, "ಒಡಪು ಹಾಕಿ ಹೆಸರ ಹೇಳದ ಒಳಗ ಬಿಡಂಗಿಲ್ಲ" ಅಂದೆ. ನಾನು ಪ್ರಾಸದ ಎರಡು ಸಾಲು ಹೇಳಿದೆ, ಚನ್ನವೀರಪ್ಪ ಅಂತ ಇವರ ಹೆಸರು ಸೇರಿಸಿ. ಇವರ ಸರದಿ ಬಂದಾಗ ಇವರು ನಿನ್ನನ್ನು ಜೋಳದ ಚೀಲದ ಹಾಗೆ ಎತ್ತಿ ಪಕ್ಕಕ್ಕಿಟ್ಟು ಒಳಗೆ ನಡೆದುಬಿಟ್ಟರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇಂದಿಗೂ ಮದುವೆಮನೆಗಳಲ್ಲಿ ನೀನು ಅದನ್ನು ಹೇಳಿ ನಗಿಸುತ್ತೀ. ಆದರೆ ಅವತ್ತಿನಿಂದ ಇವರು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ, ವಾಣಿ. ಮೊದಲು "ಏ, ಕೇಳಿಲ್ಲೆ", ಆಮೇಲೆ "ಗೀತಾನ ಅವ್ವ". ಅಬೀದಾ ಕೇಳಿದಾಗ ನಾನು ಯಾಕೆ ಒಳಗೆ ಓಡಿಬಂದೆ ಅಂತ ಈಗ ತಿಳಿಯಿತಲ್ಲ. ಪಟ ಹಿಡಿದಾಗ ಬಾಯಿ ಮುಚ್ಚಿಕೊಂಡರಲ್ಲ, ಆ ದಿನ ಬಹಳ ನೋವಾಯಿತು. ಅಪ್ಪ ಅವ್ವ ಹೋದರು. ಅಣ್ಣ ತಂಗಿ ಅನ್ನುತ್ತಾನೆ, ನೀನು ಅಕ್ಕ ಅನ್ನುತ್ತೀ, ಅಳಿಯ ಅತ್ತೆ ಅನ್ನುತ್ತಾರೆ, ಖಾನಾವಳಿಯವರಿಗೆ ನಾನು ರೊಟ್ಟಿ ಅವ್ವ. ದಾಕ್ಷಾಯಿಣಿ ಅಂತ ಕರೆಯುವವರು ಈ ಭೂಮಿಯ ಮೇಲೆ ಒಬ್ಬರೂ ಉಳಿದಿಲ್ಲ, ಇವರಿಗೆ ಮಾತು ಬಾರದಿದ್ದರೆ ಇನ್ನು ಆ ಆಸೆಯೂ ಇಲ್ಲ ಅಂತ ನಾನು ಒಳಗೊಳಗೇ ಅಳುತ್ತಿದ್ದೆ.

ನಿನ್ನೆ ಗಾಡಿ ನಿಲ್ಲಿಸಿ, ತಂಬಿಗೆ ಹಿಡಿದು ಬಂದರೆ ಇವರು ನನಗಿಂತ ಮೊದಲೇ ಹೊಸ್ತಿಲ ಒಳಗೆ ನಿಂತಿದ್ದರು. ಬೆತ್ತವನ್ನು ಬಾಗಿಲಿಗೆ ಅಡ್ಡ ಹಿಡಿದರು. ನನಗೆ ತಿಳಿಯಲಿಲ್ಲ. ಆಗ ಶುರು ಮಾಡಿದರು, ವಚನ ಹೇಳುವಾಗಿನ ಹಾಗೇ, ತಡವರಿಸದೆ:

"ಎರಿ ಹೊಲದಾಗ ತೂಗತಾವ ಬಿಳಿಜ್ವಾಳದ ತೆನಿ..."

ಅಲ್ಲಿಗೆ ನಿಂತಿತು. ತುಟಿ ಒದ್ದಾಡಿತು. ಮುಂದಿನ ಮಾತು ಏನು ಅಂತ ನನಗೆ ಗೊತ್ತಿರಲಿಲ್ಲವೇ? ಒಡಪಿನಲ್ಲಿ ಆ ಜಾಗದಲ್ಲಿ ಇನ್ನೇನು ಬರುತ್ತದೆ? ಹೇಳಿಕೊಡಲು ಬಾಯಿ ತೆರೆದು ಮುಚ್ಚಿದೆ. ಪರ್ಸಿನಲ್ಲಿ ಗೀತಾಂಜಲಿ ಮಾಡಿದ ಫೋನು ಬಡಿದುಕೊಂಡಿತು, ಸುಮ್ಮನಾಯಿತು, ಮತ್ತೆ ಬಡಿದುಕೊಂಡಿತು. ನಾನು ತಂಬಿಗೆ ಹಿಡಿದು ಹೊಸ್ತಿಲ ಹೊರಗೆ ಕಾದೆ. ಎಷ್ಟು ಹೊತ್ತೋ.

"ದಾ... ದಾಕ್ಷಾ..." ಅರ್ಧಕ್ಕೆ ತಡೆಯಿತು. ಇವರು ತಲೆ ಕೊಡವಿ, ಸಿಕ್ಕಿಬಿದ್ದ ಗಾಲಿಯನ್ನು ಎತ್ತಿದ ಹಾಗೆ ದಾಟಿ ಹೇಳಿದರು, "ಕಾಲಿಟ್ಟರ ಬೆಳಗತೈತಿ ನಮ್ಮ ಮನಿ."

ಇದು ಅತ್ತೆಯವರು ಕಟ್ಟುತ್ತಿದ್ದ ಧಾಟಿ, ವಾಣಿ. ಮದುವೆಗೆ ಮುಂಚೆ ಮಗನಿಗೆ ಹೇಳಿಕೊಟ್ಟಿದ್ದಾರೆ, ಇವರು ಬಾಯಿಪಾಠ ಮಾಡಿಕೊಂಡೇ ಬಂದಿದ್ದಾರೆ. ಅವತ್ತು ಆ ಜನರ ಮುಂದೆ ನಾಚಿಕೆಯಾಗಿ ನುಂಗಿಬಿಟ್ಟು, ಇಷ್ಟು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಾರೆ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಣ್ಣೀರೂ ಅಷ್ಟೇ ಬಂತು.

ಅರ್ಧ ಹೆಸರು ಬಂದಿದೆ, ಉಳಿದರ್ಧಕ್ಕೆ ಅವಸರವಿಲ್ಲ. ಇವರು ಬೆತ್ತ ಇಳಿಸಿದರು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು, ಬಲಗಾಲಿಟ್ಟು ಒಳಗೆ ಹೋದೆ.